ಆರ್ಥಿಕ ಹಿಂಜರಿತ ಮತ್ತು ವಿಮಾನಯಾನ: ಒಂದೇ ಬಿರುಗಾಳಿ, ಬೇರೆ ಬೇರೆ ಪೆಟ್ಟು

ಉದ್ದಿಮೆಯೊಂದರಲ್ಲಿ ವ್ಯವಹಾರ ಕುಗ್ಗುವ ಸೂಚನೆ ದೊರೆತೊಡನೆ ಮೊದಲು ಕತ್ತರಿ ಬೀಳುವುದು ಪ್ರವಾಸದ ವೆಚ್ಚಕ್ಕೆ. ಕಾರ್ಮಿಕರ ವೇತನವನ್ನು ತಡೆಹಿಡಿಯಲಾಗದು, ಬ್ಯಾಂಕಿನ ಕಂತನ್ನು ತಪ್ಪಿಸಲಾಗದು, ಕಾರ್ಖಾನೆಯ ವಿದ್ಯುತ್ ಶುಲ್ಕವನ್ನು ಮುಂದೂಡಲಾಗದು. ಆದರೆ ಹೊರದೇಶದ ವಸ್ತುಪ್ರದರ್ಶನಕ್ಕೆ ಹೋಗಿಬರುವ ಯೋಚನೆಯನ್ನು ಮುಂದಿನ ವರ್ಷಕ್ಕೆ ದೂಡಬಹುದು. ಕುಟುಂಬದೊಡನೆ ಕೈಗೊಳ್ಳಬೇಕೆಂದಿದ್ದ ಪ್ರವಾಸವನ್ನು ಕೈಬಿಡಬಹುದು. ಲಕ್ಷಾಂತರ ಮಂದಿ ಏಕಕಾಲಕ್ಕೆ ಇಂತಹ ನಿರ್ಧಾರ ಕೈಗೊಂಡಾಗ ವಿಮಾನಗಳ ಆಸನಗಳು ಬರಿದಾಗುತ್ತವೆ. ಆದುದರಿಂದಲೇ ವಿಮಾನಯಾನವನ್ನು ವಿಶ್ವದ ಆರ್ಥಿಕ ಆರೋಗ್ಯದ ನಾಡಿಮಿಡಿತವೆಂದು ಬಣ್ಣಿಸುವುದುಂಟು.

ಆದರೆ ಈ ನಾಡಿ ಎಲ್ಲ ಕಡೆಯೂ ಒಂದೇ ರೀತಿಯಲ್ಲಿ ಮಿಡಿಯುವುದಿಲ್ಲ. 2009ರಲ್ಲಿ ವಿಶ್ವದ ವಿಮಾನ ಪ್ರಯಾಣವು ಶೇ. 3.5ರಷ್ಟು ಇಳಿಯಿತೆಂದು ಅಂತರರಾಷ್ಟ್ರೀಯ ವಾಯು ಸಾರಿಗೆ ಸಂಘವು ಲೆಕ್ಕ ನೀಡಿತು. ಎರಡನೆಯ ಮಹಾಯುದ್ಧದ ನಂತರ ಅದುವರೆಗೆ ಕಂಡ ಅತಿ ದೊಡ್ಡ ಇಳಿಕೆ ಅದಾಗಿತ್ತು. ಅದೇ ವರ್ಷ ಕೊಲ್ಲಿ ಪ್ರದೇಶದ ಸಂಸ್ಥೆಗಳು ಶೇ. 11ಕ್ಕೂ ಹೆಚ್ಚಿನ ಬೆಳವಣಿಗೆ ದಾಖಲಿಸಿದವು. ಜಪಾನಿನ ಪ್ರತಿಷ್ಠಿತ ವಿಮಾನ ಸಂಸ್ಥೆಯು ದಿವಾಳಿಯ ಅಂಚಿಗೆ ಬಂದಿದ್ದ ಆ ದಿನಗಳಲ್ಲಿಯೇ ನೆರೆಯ ಚೀನಾದ ದೇಶೀಯ ವಿಮಾನಗಳು ತುಂಬಿ ತುಳುಕುತ್ತಿದ್ದವು. ಸರಾಸರಿ ಅಂಕಿಯೊಂದನ್ನೇ ನೋಡಿ ತೀರ್ಮಾನಕ್ಕೆ ಬರುವವನು ಈ ವ್ಯತ್ಯಾಸವನ್ನು ಗಮನಿಸದೆ ಹೋಗುತ್ತಾನೆ. ತನ್ನ ಸರಕು ಯಾವ ದೇಶಕ್ಕೆ, ಯಾವ ಮಾರ್ಗದಲ್ಲಿ ಹೋಗುತ್ತದೆ ಎಂಬುದರ ಮೇಲೆ ಲಾಭ ನಷ್ಟ ನಿಂತಿರುವ ವ್ಯಾಪಾರಿಗೆ ಈ ವ್ಯತ್ಯಾಸವೇ ಮುಖ್ಯ.

ಆದಾಯಕ್ಕಿಂತ ಹೆಚ್ಚು ಕುಗ್ಗುವ ಬೇಡಿಕೆ

ವಿಮಾನ ಪ್ರಯಾಣವು ಅಕ್ಕಿ, ಬೇಳೆಯಂತಹ ಅನಿವಾರ್ಯ ವಸ್ತುವಲ್ಲ. ಜನರ ಆದಾಯ ಏರಿದಾಗ ಅದರ ಬೇಡಿಕೆ ಆದಾಯಕ್ಕಿಂತ ವೇಗವಾಗಿ ಏರುತ್ತದೆ. ಆದಾಯ ಇಳಿದಾಗ ಅಷ್ಟೇ ವೇಗವಾಗಿ ಇಳಿಯುತ್ತದೆ. ಅದರಲ್ಲಿಯೂ ಬಿಸಿನೆಸ್ ಕ್ಲಾಸ್ ಪ್ರಯಾಣಿಕರು ಮೊದಲು ಮಾಯವಾಗುತ್ತಾರೆ. ದೂರದ ಮಾರ್ಗಗಳಲ್ಲಿ ಅವರ ಸಂಖ್ಯೆ ಅಲ್ಪವಾದರೂ ಅವರು ತೆರುವ ದರ ದೊಡ್ಡದು. ಆದ್ದರಿಂದ ಪ್ರಯಾಣಿಕರ ಸಂಖ್ಯೆಯಲ್ಲಿ ಕಾಣುವ ಇಳಿಕೆಗಿಂತ ಸಂಸ್ಥೆಯ ವರಮಾನದಲ್ಲಿ ಕಾಣುವ ಇಳಿಕೆ ಸಾಮಾನ್ಯವಾಗಿ ದೊಡ್ಡದಾಗಿರುತ್ತದೆ.

ಇನ್ನೊಂದೆಡೆ ಈ ಉದ್ಯಮದ ವೆಚ್ಚ ಸುಲಭವಾಗಿ ಕುಗ್ಗುವಂಥದಲ್ಲ. ಹಾರಿದರೂ ನಿಂತರೂ ವಿಮಾನದ ಬಾಡಿಗೆಯನ್ನು ತೆರಲೇಬೇಕು. ಪೈಲಟ್‌ಗಳ ಸಂಬಳ, ದುರಸ್ತಿ, ವಿಮೆ, ಸಾಲದ ಬಡ್ಡಿ ಇವೆಲ್ಲ ತಿಂಗಳು ತಿಂಗಳೂ ಬರುವ ಬಾಬ್ತುಗಳು. ನೂರೆಂಬತ್ತು ಆಸನಗಳ ವಿಮಾನವು ನೂರೇ ಜನರನ್ನು ಹೊತ್ತು ಹಾರಿದರೂ ಇಂಧನದ ಖರ್ಚು ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಮಾರಾಟವಾಗದ ಆಸನವನ್ನು ಗೋದಾಮಿನಲ್ಲಿಟ್ಟು ನಾಳೆ ಮಾರುವಂತೆಯೂ ಇಲ್ಲ. ವಿಮಾನ ನೆಲ ಬಿಟ್ಟ ಕ್ಷಣದಲ್ಲಿ ಅದರ ಬೆಲೆ ಶೂನ್ಯ. ಸಂಜೆಯ ಹೊತ್ತಿಗೆ ಬಾಡುವ ಹೂವಿನ ವ್ಯಾಪಾರದಂತೆಯೇ ಇದು.

ಇದರ ಮೇಲೆ ಕರೆನ್ಸಿಯ ತೊಡಕೂ ಸೇರುತ್ತದೆ. ಇಂಧನ, ವಿಮಾನದ ಬಾಡಿಗೆ, ಬಿಡಿಭಾಗಗಳ ಬೆಲೆ ಬಹುಪಾಲು ಡಾಲರಿನಲ್ಲಿ ನಿಗದಿಯಾಗುತ್ತವೆ. ಟಿಕೆಟ್ ಮಾತ್ರ ಆಯಾ ದೇಶದ ನಾಣ್ಯದಲ್ಲಿ ಮಾರಾಟವಾಗುತ್ತದೆ. ಹಿಂಜರಿತದ ಹೊತ್ತಿನಲ್ಲಿ ಬಡ ಹಾಗೂ ಬೆಳೆಯುತ್ತಿರುವ ದೇಶಗಳ ನಾಣ್ಯಗಳೇ ಹೆಚ್ಚಾಗಿ ಕುಸಿಯುವುದರಿಂದ ಆ ದೇಶಗಳ ಸಂಸ್ಥೆಗಳು ಎರಡೂ ಕಡೆಯಿಂದ ಪೆಟ್ಟು ತಿನ್ನುತ್ತವೆ. ಒಂದು ಪ್ರದೇಶಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸದ ಮೂಲ ಬಹುಮಟ್ಟಿಗೆ ಇಲ್ಲಿದೆ.

1997: ಏಷ್ಯಾದೊಳಗೇ ಬೀಸಿದ ಗಾಳಿ

1997ರ ಜುಲೈ 2ರಂದು ಥಾಯ್ಲೆಂಡ್ ತನ್ನ ನಾಣ್ಯವಾದ ಬಾತ್‌ನ ನಿಗದಿತ ದರವನ್ನು ಕೈಬಿಟ್ಟಾಗ ಆರಂಭವಾದ ಬಿಕ್ಕಟ್ಟು ಇದಕ್ಕೆ ಸ್ಪಷ್ಟ ನಿದರ್ಶನ. ಇಂಡೋನೇಷ್ಯಾದ ರುಪಿಯಾ, ದಕ್ಷಿಣ ಕೊರಿಯಾದ ವಾನ್, ಮಲೇಷ್ಯಾದ ರಿಂಗಿಟ್ ಒಂದರ ಹಿಂದೊಂದು ಕುಸಿದವು. ಆ ದೇಶಗಳ ಮಧ್ಯಮವರ್ಗಕ್ಕೆ ವಿದೇಶ ಪ್ರವಾಸವು ಒಮ್ಮೆಲೇ ಕೈಗೆಟುಕದಂತಾಯಿತು. ಇಂಡೋನೇಷ್ಯಾದ ಸೆಂಪಾಟಿ ಏರ್ ಸಂಸ್ಥೆಯು 1998ರಲ್ಲಿ ಹಾರಾಟ ನಿಲ್ಲಿಸಿತು. ಏಷ್ಯಾದ ಹಳೆಯ ಸಂಸ್ಥೆಗಳಲ್ಲೊಂದಾದ ಫಿಲಿಪೀನ್ ಏರ್‌ಲೈನ್ಸ್ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಾಗಿಲು ಮುಚ್ಚಿ, ಸುಮಾರು ಎರಡು ವಾರಗಳ ನಂತರ ಮತ್ತೆ ಚಾಲನೆ ಪಡೆಯಿತು.

ಆದರೆ ಇದೇ ಅವಧಿಯಲ್ಲಿ ಅಮೆರಿಕ ಮತ್ತು ಯುರೋಪಿನ ವಿಮಾನ ಸಂಚಾರ ಏರುಗತಿಯಲ್ಲಿಯೇ ಸಾಗಿತ್ತು. ತೈಲದ ಬೆಲೆ ಇಳಿದುದು ಅವರಿಗೆ ಲಾಭವನ್ನೇ ತಂದಿತು. ಥಾಯ್ಲೆಂಡಿನ ಜನ ಹೊರಹೋಗುವುದು ತಗ್ಗಿತಾದರೂ, ನಾಣ್ಯ ಅಗ್ಗವಾದ ಕಾರಣ ಹೊರಗಿನವರು ಥಾಯ್ಲೆಂಡಿಗೆ ಬರುವುದು 1998ರಲ್ಲಿ ಹೆಚ್ಚಿತು. ಒಂದೇ ಮಾರ್ಗದಲ್ಲಿ ಹೋಗುವ ದಿಕ್ಕಿನ ಬೇಡಿಕೆ ಕುಸಿದು, ಬರುವ ದಿಕ್ಕಿನ ಬೇಡಿಕೆ ಬೆಳೆದಿತ್ತು. ಬೇಡಿಕೆಯನ್ನು ಕೇವಲ ಮಾರ್ಗದ ಹೆಸರಿನಿಂದ ಅಳೆಯದೆ, ಟಿಕೆಟಿನ ಹಣ ಯಾವ ದೇಶದವರ ಜೇಬಿನಿಂದ ಬರುತ್ತದೆ ಎಂಬುದರಿಂದ ಅಳೆಯಬೇಕೆಂಬ ಪಾಠವನ್ನು ಆ ಬಿಕ್ಕಟ್ಟು ಕಲಿಸಿತು.

2008: ಎಲ್ಲೆಡೆ ಬೀಸಿದ ಗಾಳಿ, ಬೇರೆ ಬೇರೆ ಫಲ

2008ರ ವೃತ್ತಾಂತ ಬೇರೆ. ಆ ವರ್ಷದ ಜುಲೈನಲ್ಲಿ ಕಚ್ಚಾ ತೈಲದ ಬೆಲೆ ಬ್ಯಾರೆಲಿಗೆ 147 ಡಾಲರ್ ಮುಟ್ಟಿತು. ಸೆಪ್ಟೆಂಬರ್ 15ರಂದು ಲೇಮನ್ ಬ್ರದರ್ಸ್ ಬ್ಯಾಂಕ್ ಮುಳುಗಿತು. ಡಿಸೆಂಬರ್ ವೇಳೆಗೆ ತೈಲವು 40 ಡಾಲರಿಗಿಂತ ಕೆಳಗಿಳಿಯಿತು. ಮೊದಲ ಆರು ತಿಂಗಳು ವೆಚ್ಚ ಕೊಂದಿತು, ನಂತರದ ತಿಂಗಳುಗಳಲ್ಲಿ ಬೇಡಿಕೆಯ ಅಭಾವ ಕೊಂದಿತು. ಬೆಲೆ ಇನ್ನೂ ಏರುವುದೆಂದು ಭಾವಿಸಿ ಮುಂಗಡ ಇಂಧನ ಒಪ್ಪಂದ ಮಾಡಿಕೊಂಡಿದ್ದ ಹಾಂಗ್‌ಕಾಂಗಿನ ಕ್ಯಾಥೆ ಪೆಸಿಫಿಕ್, ಚೀನಾದ ಏರ್ ಚೈನಾ ಮುಂತಾದ ಸಂಸ್ಥೆಗಳು ಬೆಲೆ ಇಳಿದಾಗಲೂ ಭಾರಿ ನಷ್ಟವನ್ನೇ ಅನುಭವಿಸಿದವು.

ಅಮೆರಿಕದ ಸಂಸ್ಥೆಗಳು ಈ ಸಂಕಟಕ್ಕೆ ಸಾಮರ್ಥ್ಯ ಕಡಿತದ ಮೂಲಕ ಉತ್ತರಿಸಿದವು. 2001ರ ಸೆಪ್ಟೆಂಬರ್ ದಾಳಿಯ ನಂತರ ಯುನೈಟೆಡ್, ಡೆಲ್ಟಾ, ನಾರ್ತ್‌ವೆಸ್ಟ್ ಸಂಸ್ಥೆಗಳು ದಿವಾಳಿ ರಕ್ಷಣಾ ಕಾನೂನಿನ ಆಶ್ರಯ ಪಡೆದು, ಸಾಲ ಮತ್ತು ವೇತನದ ಹೊರೆಯನ್ನು ತಗ್ಗಿಸಿಕೊಂಡಿದ್ದವು. ಈ ಬಾರಿ ಅವು ಹಳೆಯ ವಿಮಾನಗಳನ್ನು ಮರುಭೂಮಿಯಲ್ಲಿ ನಿಲ್ಲಿಸಿದವು, ಸಣ್ಣ ಊರುಗಳ ಸೇವೆಯನ್ನು ಕತ್ತರಿಸಿದವು, ಉಚಿತವಾಗಿದ್ದ ಸೌಲಭ್ಯಗಳಿಗೆ ಬೆಲೆ ಕಟ್ಟಿದವು. ಮೊದಲ ಪೆಟ್ಟಿಗೆಗೇ 15 ಡಾಲರ್ ಶುಲ್ಕ ವಿಧಿಸುವ ಕ್ರಮವನ್ನು ಅಮೆರಿಕನ್ ಏರ್‌ಲೈನ್ಸ್ 2008ರ ಜೂನ್‌ನಲ್ಲಿ ಜಾರಿಗೆ ತಂದಿತು, ಉಳಿದವರು ಹಿಂಬಾಲಿಸಿದರು. ನಂತರ ಸರಣಿ ವಿಲೀನಗಳು ನಡೆದವು: 2008ರಲ್ಲಿ ಡೆಲ್ಟಾ–ನಾರ್ತ್‌ವೆಸ್ಟ್, 2010ರಲ್ಲಿ ಯುನೈಟೆಡ್–ಕಾಂಟಿನೆಂಟಲ್, 2013ರಲ್ಲಿ ಅಮೆರಿಕನ್–ಯುಎಸ್ ಏರ್‌ವೇಸ್. ಉದ್ಯಮವು ಲಾಭದ ಹಾದಿಗೆ ಮರಳಿತು. ಆದರೆ ಅದರ ಬೆಲೆಯನ್ನು ತೆತ್ತವರಲ್ಲಿ ವಿಮಾನ ಸೇವೆ ಕಳೆದುಕೊಂಡ ಸಣ್ಣ ಊರುಗಳ ವ್ಯಾಪಾರಿಗಳೂ ಸೇರಿದ್ದರೆಂಬುದನ್ನು ಮರೆಯಲಾಗದು.

ಯುರೋಪಿನಲ್ಲಿ ಪ್ರಯಾಣಿಕರು ಹಾರುವುದನ್ನು ಪೂರ್ಣವಾಗಿ ಬಿಡಲಿಲ್ಲ. ಅಗ್ಗದ ಸಂಸ್ಥೆಗಳತ್ತ ಹೊರಳಿದರು. ಬ್ರಿಟಿಷ್ ಏರ್‌ವೇಸ್ 2009ರ ಜೂನ್‌ನಲ್ಲಿ ತನ್ನ ನೌಕರರನ್ನು ಗರಿಷ್ಠ ಒಂದು ತಿಂಗಳವರೆಗೆ ಸಂಬಳವಿಲ್ಲದೆ ದುಡಿಯುವಂತೆ ಕೋರಿತು. ಅದೇ ಹೊತ್ತಿನಲ್ಲಿ ಐರ್ಲೆಂಡಿನ ರಯಾನ್‌ಏರ್ ಸಂಸ್ಥೆಯ ಪ್ರಯಾಣಿಕರ ಸಂಖ್ಯೆ, 2009ರ ಮಾರ್ಚಿಗೆ ಕೊನೆಗೊಂಡ ವರ್ಷದ ಸುಮಾರು 5.9 ಕೋಟಿಯಿಂದ ಮರುವರ್ಷ 6.6 ಕೋಟಿಗೆ ಏರಿತು. ಪ್ರವಾಸ ಕಂಪನಿಗಳನ್ನೇ ನೆಚ್ಚಿದ್ದ ಸಂಸ್ಥೆಗಳು ಮಾತ್ರ ಉಳಿಯಲಿಲ್ಲ. ಬ್ರಿಟನ್ನಿನ ಎಕ್ಸ್‌ಎಲ್ ಸಮೂಹ 2008ರ ಸೆಪ್ಟೆಂಬರಿನಲ್ಲಿ ಕುಸಿದಾಗ ಸಹಸ್ರಾರು ಪ್ರವಾಸಿಗರು ಹೊರದೇಶಗಳಲ್ಲಿ ಸಿಲುಕಿದರು. ಐರೋಪ್ಯ ಸಾಲ ಬಿಕ್ಕಟ್ಟಿನ ಎರಡನೆಯ ಅಲೆಯಲ್ಲಿ, 2012ರ ಆರಂಭದ ಒಂದೇ ವಾರದ ಅಂತರದಲ್ಲಿ ಸ್ಪೇನಿನ ಸ್ಪಾನ್‌ಏರ್ ಮತ್ತು ಹಂಗೇರಿಯ ಮಾಲೆವ್ ಹಾರಾಟ ನಿಲ್ಲಿಸಿದವು.

ಜಪಾನಿನಲ್ಲಿ ಹಿಂಜರಿತವು ಹಳೆಯ ರೋಗವನ್ನು ಹೊರಗೆಡಹಿತು. ಲಾಭವಿಲ್ಲದ ಒಳನಾಡು ಮಾರ್ಗಗಳು, ಅತಿ ದೊಡ್ಡ ವಿಮಾನಗಳು, ಪಿಂಚಣಿಯ ಹೊರೆ ಇವುಗಳಿಂದ ಬಳಲಿದ್ದ ಜಪಾನ್ ಏರ್‌ಲೈನ್ಸ್ 2010ರ ಜನವರಿ 19ರಂದು ದಿವಾಳಿ ರಕ್ಷಣೆ ಕೋರಿತು. ಕ್ಯೋಸೆರಾ ಕಂಪನಿಯ ಸ್ಥಾಪಕ ಕಝುವೊ ಇನಾಮೊರಿ ಸಂಬಳ ಪಡೆಯದೆ ಅದರ ಹೊಣೆ ಹೊತ್ತರು. ಪ್ರತಿ ಮಾರ್ಗದ, ಪ್ರತಿ ವಿಭಾಗದ ಲಾಭ ನಷ್ಟವನ್ನು ಪ್ರತ್ಯೇಕವಾಗಿ ಬರೆದಿಡುವ ಪದ್ಧತಿಯನ್ನು ಜಾರಿಗೆ ತಂದರು. ಸುಮಾರು ಮೂರನೆಯ ಒಂದು ಭಾಗದಷ್ಟು ನೌಕರರು ಕೆಲಸ ಕಳೆದುಕೊಂಡರು. ಸಂಸ್ಥೆಯು 2012ರ ಸೆಪ್ಟೆಂಬರಿನಲ್ಲಿ ಷೇರು ಮಾರುಕಟ್ಟೆಗೆ ಮರಳಿತು.

ಚೀನಾದ ಚಿತ್ರ ಇದಕ್ಕೆ ತದ್ವಿರುದ್ಧ. 2008ರ ನವೆಂಬರಿನಲ್ಲಿ ಅಲ್ಲಿನ ಸರ್ಕಾರ 4 ಲಕ್ಷ ಕೋಟಿ ಯುವಾನ್‌ನ ಉತ್ತೇಜನ ಯೋಜನೆಯನ್ನು ಘೋಷಿಸಿತು. ರಫ್ತು ಸೊರಗಿದ್ದರೂ ಒಳನಾಡಿನಲ್ಲಿ ರಸ್ತೆ, ರೈಲು, ಕಟ್ಟಡಗಳ ಕಾಮಗಾರಿ ಭರದಿಂದ ಸಾಗಿ, 2009ರಲ್ಲಿ ವಿಮಾನ ಪ್ರಯಾಣಿಕರ ಸಂಖ್ಯೆ ಸುಮಾರು ಐದನೆಯ ಒಂದು ಭಾಗದಷ್ಟು ಏರಿತು. ವಿಶಾಲವಾದ ಒಳನಾಡು ಮಾರುಕಟ್ಟೆಯೇ ಅಲ್ಲಿ ತಡೆಗೋಡೆಯಾಯಿತು.

ಅಂತಹ ಒಳನಾಡು ಮಾರುಕಟ್ಟೆ ಇಲ್ಲದ ದುಬೈ ಬೇರೊಂದು ದಾರಿ ಹಿಡಿಯಿತು. 2009ರ ನವೆಂಬರಿನಲ್ಲಿ ದುಬೈ ಸಂಸ್ಥೆಗಳ ಸಾಲದ ಬಿಕ್ಕಟ್ಟು ಜಗತ್ತನ್ನು ಬೆಚ್ಚಿಬೀಳಿಸಿದರೂ, ಎಮಿರೇಟ್ಸ್ ಸಂಸ್ಥೆಯ ಪ್ರಯಾಣಿಕರು 2008–09ರ ಸುಮಾರು 2.27 ಕೋಟಿಯಿಂದ 2009–10ರಲ್ಲಿ 2.75 ಕೋಟಿಗೆ ಏರಿದರು. ಅದರ ಗ್ರಾಹಕರು ಕೇವಲ ದುಬೈ ವಾಸಿಗಳಲ್ಲ. ಭಾರತದಿಂದ ಯುರೋಪಿಗೆ, ಆಫ್ರಿಕಾದಿಂದ ಚೀನಾಕ್ಕೆ ಸಾಗುವವರನ್ನು ನಡುವೆ ಇಳಿಸಿ ಹತ್ತಿಸುವುದೇ ಅದರ ವ್ಯವಹಾರ. ಒಂದು ದಿಕ್ಕು ಸೊರಗಿದರೆ ವಿಮಾನವನ್ನು ಇನ್ನೊಂದು ದಿಕ್ಕಿಗೆ ತಿರುಗಿಸುವ ಅನುಕೂಲ ಅದಕ್ಕಿತ್ತು.

ಆಫ್ರಿಕಾ ಮತ್ತು ಲ್ಯಾಟಿನ್ ಅಮೆರಿಕದ ದೇಶಗಳಲ್ಲಿ ಹಿಂಜರಿತವು ವಿದೇಶಿ ವಿನಿಮಯದ ರೂಪದಲ್ಲಿ ಬರುತ್ತದೆ. ತೈಲ ಅಥವಾ ಖನಿಜದ ಬೆಲೆ ಕುಸಿದಾಗ ಡಾಲರಿನ ಅಭಾವ ತಲೆದೋರಿ, ಟಿಕೆಟ್ ಮಾರಿ ಗಳಿಸಿದ ಹಣವನ್ನು ವಿಮಾನ ಸಂಸ್ಥೆಗಳು ತಮ್ಮ ದೇಶಕ್ಕೆ ಸಾಗಿಸಲಾಗದ ಸ್ಥಿತಿ ಒದಗುತ್ತದೆ. ಈ ಕಾರಣದಿಂದಲೇ ಲುಫ್ತಾನ್ಸಾ 2016ರಲ್ಲಿ ವೆನೆಜುವೆಲಾದ ಸೇವೆಯನ್ನು ನಿಲ್ಲಿಸಿತು. ಅದೇ ವರ್ಷ ಯುನೈಟೆಡ್ ಮತ್ತು ಐಬೀರಿಯಾ ನೈಜೀರಿಯಾದಿಂದ ಹಿಂದೆ ಸರಿದವು. ಎಮಿರೇಟ್ಸ್ ಸಹ ಇದೇ ತೊಡಕಿನಿಂದ 2022ರಲ್ಲಿ ನೈಜೀರಿಯಾ ಸೇವೆ ನಿಲ್ಲಿಸಿ, 2024ರ ಅಕ್ಟೋಬರಿನಲ್ಲಿ ಪುನರಾರಂಭಿಸಿತು. ವಿಮಾನದಲ್ಲಿ ಜನರಿದ್ದರೂ ಹಣ ಕೈಸೇರದೆ ಸೇವೆ ನಿಲ್ಲಬಹುದೆಂಬುದಕ್ಕೆ ಇವು ಉದಾಹರಣೆಗಳು.

ಭಾರತ ಮತ್ತು ಬೆಂಗಳೂರಿನ ಅನುಭವ

ನಮ್ಮ ಬೆಂಗಳೂರಿನ ಪಾಲಿಗೆ ಈ ಬಿರುಗಾಳಿ ಬೀಸಿದ ಗಳಿಗೆ ವಿಲಕ್ಷಣವಾದುದು. ದೇವನಹಳ್ಳಿಯ ಹೊಸ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿದ್ದು 2008ರ ಮೇ 24ರಂದು. ಕಿಂಗ್‌ಫಿಷರ್ ಸಂಸ್ಥೆಯು ತನ್ನ ಮೊದಲ ವಿದೇಶ ಸೇವೆಯನ್ನು ಬೆಂಗಳೂರಿನಿಂದ ಲಂಡನ್ನಿಗೆ ಆರಂಭಿಸಿದ್ದು ಅದೇ ವರ್ಷದ ಸೆಪ್ಟೆಂಬರ್ 3ರಂದು. ಲೇಮನ್ ಬ್ಯಾಂಕ್ ಮುಳುಗಿದ್ದು ಅದಾದ ಹನ್ನೆರಡನೆಯ ದಿನ. ಮಾಹಿತಿ ತಂತ್ರಜ್ಞಾನ ಕಂಪನಿಗಳ ಪ್ರವಾಸವನ್ನು ನೆಚ್ಚಿದ್ದ ನಗರದಲ್ಲಿ, ಅಮೆರಿಕದ ಗ್ರಾಹಕರು ವೆಚ್ಚ ಬಿಗಿಗೊಳಿಸಿದ ಪರಿಣಾಮ ನೇರವಾಗಿಯೇ ತಟ್ಟಿತು.

ದೇಶದಾದ್ಯಂತ 2008ರಲ್ಲಿ ದೇಶೀಯ ಪ್ರಯಾಣಿಕರ ಸಂಖ್ಯೆ ಹಿಂದಿನ ವರ್ಷಕ್ಕಿಂತ ಸುಮಾರು ಶೇ. 5ರಷ್ಟು ಇಳಿಯಿತು. 2003ರ ಆಗಸ್ಟ್‌ನಲ್ಲಿ ಹುಬ್ಬಳ್ಳಿ–ಬೆಂಗಳೂರು ಹಾರಾಟದೊಡನೆ ಏರ್ ಡೆಕ್ಕನ್ ಆರಂಭಿಸಿದ ಅಗ್ಗದ ಪ್ರಯಾಣದ ಯುಗದಲ್ಲಿ ಇಂತಹ ಇಳಿಕೆ ಅದೇ ಮೊದಲು. ಆದರೆ 2009ರಲ್ಲಿಯೇ ಸಂಖ್ಯೆ ಚೇತರಿಸಿಕೊಂಡಿತು. ಭಾರತದ ಸಮಸ್ಯೆ ಪ್ರಯಾಣಿಕರ ಅಭಾವವಾಗಿರಲಿಲ್ಲ. ವೆಚ್ಚಕ್ಕಿಂತ ಕಡಿಮೆ ದರದ ಪೈಪೋಟಿ, ರಾಜ್ಯಗಳ ಮಾರಾಟ ತೆರಿಗೆಯಿಂದ ದುಬಾರಿಯಾದ ಇಂಧನ, ಸಾಲದ ಭಾರ ಇವು ಸಂಸ್ಥೆಗಳನ್ನು ಕಾಡಿದವು. ಕಿಂಗ್‌ಫಿಷರ್ 2012ರ ಅಕ್ಟೋಬರಿನಲ್ಲಿ, ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ಹಾರಾಟ ನಿಲ್ಲಿಸಿದವು. ಈ ಸಂಸ್ಥೆಗಳಿಗೆ ಆಹಾರ, ಮುದ್ರಣ, ವಾಹನ, ದುರಸ್ತಿ ಸೇವೆ ಒದಗಿಸುವ ಸಣ್ಣ ಪೂರೈಕೆದಾರರ ಬಾಕಿ, ಇಂತಹ ದಿವಾಳಿಗಳ ಇತ್ಯರ್ಥದಲ್ಲಿ ಸಾಲಿನ ಕೊನೆಗೇ ನಿಲ್ಲುತ್ತದೆ.

ಮೊದಲು ನುಡಿಯುವುದು ಸರಕು

ವ್ಯಾಪಾರಿಗಳು ವಿಶೇಷವಾಗಿ ಗಮನಿಸಬೇಕಾದುದು ಪ್ರಯಾಣಿಕರ ಅಂಕಿಯನ್ನಲ್ಲ, ಸರಕಿನ ಅಂಕಿಯನ್ನು. ವಿಶ್ವದ ವ್ಯಾಪಾರದಲ್ಲಿ ವಾಯುಮಾರ್ಗದ ಸರಕು ತೂಕದ ಲೆಕ್ಕದಲ್ಲಿ ಶೇ. 1ಕ್ಕಿಂತ ಕಡಿಮೆ, ಮೌಲ್ಯದ ಲೆಕ್ಕದಲ್ಲಿ ಸುಮಾರು ಮೂರನೆಯ ಒಂದು ಭಾಗ. ಕಂಪನಿಗಳು ಮುಂದಿನ ಮಾರಾಟದ ಬಗ್ಗೆ ಅನುಮಾನಗೊಂಡಾಗ ಮೊದಲು ದಾಸ್ತಾನು ತಗ್ಗಿಸುತ್ತವೆ. ಆಗ ತುರ್ತಾಗಿ ತರಿಸುವ ಬಿಡಿಭಾಗಗಳ ಬೇಡಿಕೆ ಕುಗ್ಗುತ್ತದೆ. 2008ರಲ್ಲಿ ಪ್ರಯಾಣಿಕರ ಸಂಖ್ಯೆ ಇಳಿಯಲಾರಂಭಿಸಿದ್ದು ಸೆಪ್ಟೆಂಬರಿನಲ್ಲಿ. ಸರಕು ಇಳಿಯಲಾರಂಭಿಸಿದ್ದು ಜೂನ್‌ನಲ್ಲಿಯೇ. ಆ ವರ್ಷದ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ಸರಕು ಸಾಗಣೆ ಒಂದು ವರ್ಷದ ಹಿಂದಿನದಕ್ಕಿಂತ ಶೇ. 22.6ರಷ್ಟು ಕುಸಿದಿತ್ತು.

2020ರ ಕೋವಿಡ್ ಕಾಲವು ಇದೇ ಸಂಬಂಧದ ಇನ್ನೊಂದು ಮುಖವನ್ನು ತೋರಿತು. ಅದು ಆದಾಯದ ಹಿಂಜರಿತಕ್ಕಿಂತ ಗಡಿಗಳ ಮುಚ್ಚುವಿಕೆಯಿಂದ ಒದಗಿದ ಸಂಕಟ. ಪ್ರಯಾಣ ಶೇ. 65.9ರಷ್ಟು ಕುಸಿದರೆ ಸರಕು ಇಳಿದದ್ದು ಶೇ. 10.6 ಮಾತ್ರ. ಆದರೂ ರಫ್ತುದಾರರಿಗೆ ಸ್ಥಳ ಸಿಗಲಿಲ್ಲ. ವಾಯು ಸರಕಿನ ಸುಮಾರು ಅರ್ಧದಷ್ಟು ಪ್ರಯಾಣಿಕ ವಿಮಾನಗಳ ಹೊಟ್ಟೆಯಲ್ಲಿ ಸಾಗುತ್ತಿದ್ದುದೇ ಇದಕ್ಕೆ ಕಾರಣ. ಪ್ರಯಾಣಿಕರಿಲ್ಲದೆ ಆ ವಿಮಾನಗಳು ನಿಂತಾಗ ಬಾಡಿಗೆ ದರ ಗಗನಕ್ಕೇರಿತು. ಭಾರತದಲ್ಲಿ ದೇಶೀಯ ಹಾರಾಟ 2020ರ ಮೇ 25ರಂದು ಮರಳಿದರೂ, ನಿಯಮಿತ ಅಂತರರಾಷ್ಟ್ರೀಯ ಸೇವೆ ಪೂರ್ಣವಾಗಿ ಮರಳಿದ್ದು 2022ರ ಮಾರ್ಚ್ 27ರಂದು. ಹೂವು, ತರಕಾರಿ, ಸಿದ್ಧ ಉಡುಪು, ಔಷಧ, ಯಂತ್ರಭಾಗಗಳನ್ನು ಕಳುಹಿಸುವ ನಮ್ಮ ರಫ್ತುದಾರರಿಗೆ ಆ ಎರಡು ವರ್ಷಗಳ ಬೇಗುದಿ ನೆನಪಿನಲ್ಲಿದೆ.

ವಿಮಾನದ ಬಿಡಿಭಾಗ ತಯಾರಿಸುವ ಬೆಂಗಳೂರು, ಬೆಳಗಾವಿಯ ಘಟಕಗಳಿಗೆ ಇನ್ನೂ ಒಂದು ಪೆಟ್ಟು ಕಾದಿತ್ತು. ಏರ್‌ಬಸ್ 2020ರ ಏಪ್ರಿಲ್‌ನಲ್ಲಿ ತನ್ನ ಎ320 ಸರಣಿಯ ಉತ್ಪಾದನೆಯನ್ನು ತಿಂಗಳಿಗೆ 60ರಿಂದ 40ಕ್ಕೆ ಇಳಿಸಿತು. ಯುರೋಪಿನಲ್ಲಿ ಆಸನ ಖಾಲಿಯಾದರೆ ಕರ್ನಾಟಕದ ಲೇತ್ ನಿಲ್ಲುವ ಕಾಲ ಇದು.

ಪ್ರಾದೇಶಿಕ ವ್ಯತ್ಯಾಸ ಆಗಲೂ ಹಳೆಯ ಗೆರೆಗಳನ್ನೇ ಅನುಸರಿಸಿತು. ಒಳನಾಡು ಮಾರುಕಟ್ಟೆಯುಳ್ಳ ಚೀನಾ, ಅಮೆರಿಕ ಮೊದಲು ಎದ್ದು ನಿಂತವು. ಒಳನಾಡು ಮಾರ್ಗವೇ ಇಲ್ಲದ ಸಿಂಗಪುರ ಏರ್‌ಲೈನ್ಸ್‌ನ ಪ್ರಯಾಣಿಕರು 2020ರ ಏಪ್ರಿಲ್‌ನಲ್ಲಿ ಶೇ. 99ಕ್ಕೂ ಹೆಚ್ಚು ಕುಸಿದರು. ಸರ್ಕಾರದ ನೆರವು ವಿರಳವಾಗಿದ್ದ ಲ್ಯಾಟಿನ್ ಅಮೆರಿಕದಲ್ಲಿ ಅವಿಯಾಂಕಾ, ಲಟಾಮ್, ಏರೊಮೆಕ್ಸಿಕೊ ಎರಡೇ ತಿಂಗಳೊಳಗೆ ಅಮೆರಿಕದ ನ್ಯಾಯಾಲಯದಲ್ಲಿ ದಿವಾಳಿ ರಕ್ಷಣೆ ಕೋರಿದವು. ವಿಶ್ವದ ಒಟ್ಟು ವಾರ್ಷಿಕ ಪ್ರಯಾಣ 2019ರ ಮಟ್ಟವನ್ನು ದಾಟಿದ್ದು 2024ರಲ್ಲಿ.

ನಮ್ಮ ಉದ್ದಿಮೆದಾರರು ಗಮನಿಸಬೇಕಾದುದು

ಈ ಅನುಭವಗಳಿಂದ ಸಣ್ಣ ಕೈಗಾರಿಕೋದ್ಯಮಿಗಳು ಮತ್ತು ವರ್ತಕರು ಕೆಲವು ವ್ಯಾವಹಾರಿಕ ಸೂತ್ರಗಳನ್ನು ಆಯ್ದುಕೊಳ್ಳಬಹುದು.

1. ವಾಯು ಸರಕಿನ ಮಾಸಿಕ ಅಂಕಿಗಳನ್ನು ತಪ್ಪದೆ ನೋಡುತ್ತಿರಬೇಕು. ಎರಡು ಮೂರು ತಿಂಗಳು ಸತತವಾಗಿ ಅದು ಇಳಿದರೆ ಹೊಸ ಸಾಲ, ಹೊಸ ಯಂತ್ರದ ನಿರ್ಧಾರವನ್ನು ಮತ್ತೊಮ್ಮೆ ತೂಗಿ ನೋಡುವುದು ಲೇಸು.

2. ಖರೀದಿದಾರನ ದೇಶದ ವಿನಿಮಯ ಸ್ಥಿತಿಯನ್ನು ಅರಿಯಬೇಕು. ವಿಮಾನ ಸಂಸ್ಥೆಗಳಿಗೇ ಡಾಲರ್ ಸಿಗದ ದೇಶದಿಂದ ನಮ್ಮ ಬಾಕಿಯೂ ಸಕಾಲದಲ್ಲಿ ಬಾರದು. ವಿದೇಶಿ ಸಂಸ್ಥೆಗಳು ಸೇವೆ ನಿಲ್ಲಿಸುವ ಸುದ್ದಿ ಬಂದ ಕೂಡಲೇ ಲೆಟರ್ ಆಫ್ ಕ್ರೆಡಿಟ್ ಅಥವಾ ರಫ್ತು ಸಾಲ ವಿಮೆಯ ರಕ್ಷಣೆ ಪಡೆಯುವುದು ವಿವೇಕ.

3. ಸರಕನ್ನು ಒಂದೇ ಸಂಸ್ಥೆಗೆ, ಒಂದೇ ಮಾರ್ಗಕ್ಕೆ ಒಪ್ಪಿಸಬಾರದು. ಕೊಲ್ಲಿಯ ಮೂಲಕ ಸಾಗುವ ಮಾರ್ಗದೊಡನೆ ಯುರೋಪಿನ ನೇರ ಸೇವೆಯನ್ನೂ, ಸರಕು ವಿಮಾನವನ್ನೂ ಪರಿಚಯದಲ್ಲಿಟ್ಟುಕೊಂಡಿರಬೇಕು.

4. ಮುಂಗಡ ಒಪ್ಪಂದಗಳು ನಷ್ಟವನ್ನು ತಡೆಯುವ ಸಾಧನವೇ ಹೊರತು ಲಾಭ ಗಳಿಸುವ ಜೂಜಲ್ಲ. 2008ರಲ್ಲಿ ದೊಡ್ಡ ಸಂಸ್ಥೆಗಳೇ ಇದರಲ್ಲಿ ಎಡವಿದವು. ಅಗತ್ಯದ ಒಂದು ಪಾಲಿಗೆ ಮಾತ್ರ ಒಪ್ಪಂದ ಮಾಡಿಕೊಳ್ಳುವುದು ಕ್ಷೇಮ.

5. ವಿಮಾನ ಸಂಸ್ಥೆಗಳಿಗೆ ಪೂರೈಕೆ ಮಾಡುವವರು ಉದ್ದರಿಯ ಮಿತಿಯನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು. ತುಂಬಿದ ವಿಮಾನವನ್ನು ಕಂಡು ಸಂಸ್ಥೆ ಲಾಭದಲ್ಲಿದೆಯೆಂದು ಭಾವಿಸಿದ ಎಷ್ಟೋ ಮಂದಿ ಕೈಸುಟ್ಟುಕೊಂಡಿದ್ದಾರೆ.

ಹಿಂಜರಿತವನ್ನು ತಡೆಯುವ ಶಕ್ತಿ ಯಾವ ವರ್ತಕನ ಕೈಯಲ್ಲಿಯೂ ಇಲ್ಲ. ಆದರೆ ಅದು ಎಲ್ಲರಿಗೂ ಸಮನಾಗಿ ತಟ್ಟುವುದಿಲ್ಲವೆಂಬ ಅರಿವು ಕೈಯಲ್ಲಿದ್ದರೆ, ಕುಗ್ಗುವ ಮಾರುಕಟ್ಟೆಯಿಂದ ಸಕಾಲದಲ್ಲಿ ಕಾಲ್ತೆಗೆದು, ಬೆಳೆಯುವ ಮಾರುಕಟ್ಟೆಯತ್ತ ಮುಖ ಮಾಡಲು ಸಾಧ್ಯ. ಜಪಾನ್ ಏರ್‌ಲೈನ್ಸ್ ದಿವಾಳಿಯ ನಂತರ ಕಲಿತ ಪಾಠ, ಅಂದರೆ ಪ್ರತಿ ಮಾರ್ಗದ ಲೆಕ್ಕವನ್ನು ಬೇರೆ ಬೇರೆಯಾಗಿ ಬರೆಯುವ ಶಿಸ್ತು, ಹತ್ತು ಮಂದಿ ಕೆಲಸ ಮಾಡುವ ಘಟಕಕ್ಕೂ ಅನ್ವಯಿಸುತ್ತದೆ. ಪ್ರತಿ ಗ್ರಾಹಕ, ಪ್ರತಿ ದೇಶದ ಲಾಭ ನಷ್ಟವನ್ನು ಪ್ರತ್ಯೇಕವಾಗಿ ಬರೆದಿಟ್ಟವನಿಗೆ ಮುಂದಿನ ಹಿಂಜರಿತ ಬಂದಾಗ ಎಲ್ಲಿ ಕೈಬಿಡಬೇಕು, ಎಲ್ಲಿ ಹಿಡಿದು ನಿಲ್ಲಬೇಕು ಎಂಬುದು ಮೊದಲೇ ತಿಳಿದಿರುತ್ತದೆ.